ಯಾರ ಪೈಕಿ?

ಪ್ರಿಯ ಮಿತ್ರರೇ,

ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ಹರಡಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ವಿಷಯದ ಆಯ್ಕೆಯೂ ಒಳ್ಳೆಯದೇ. ಆದರೆ ಎರಡು ಕಡೆ ನನಗೆ ಸಿಟ್ಟು ಬಂತು. ಅದನ್ನಷ್ಟೇ ಬರೆಯುತ್ತೇನೆ.

ಎರಡನೇ ಪುಟದಲ್ಲಿ ಹೀಗಿದೆ: "2006ರಲ್ಲಿ ದೇಶದಲ್ಲಿ 57 ಲಕ್ಷ ಸೋಂಕಿತರಿದ್ದರು. ಜಾಗೃತಿಯ ಫಲವಾಗಿ ಒಂದೇ ವರ್ಷದಲ್ಲಿ ಅದು 25 ಲಕ್ಷಕ್ಕೆ ಇಳಿಯಿತು."

ಹಾಗಾದರೆ 32 ಲಕ್ಷ ಜನ ಎಲ್ಲಿ ಹೋದರು? ಎಚ್‌ಐವಿ ವಾಸಿಯಾಗುವ ಕಾಯಿಲೆ ಅಲ್ಲ. ಅಷ್ಟು ಜನ ತೀರಿಕೊಂಡಿದ್ದರೆ ಊರೂರಿಗೂ ಗೊತ್ತಾಗುತ್ತಿತ್ತು, ಅಲ್ವಾ? ಬದಲಾಗಿದ್ದು ಎಣಿಸುವ ರೀತಿ. ಹಳೆಯ ಅಂದಾಜು ಜಾಸ್ತಿ ನಂಬಿಕೊಂಡಿದ್ದು ಸರ್ಕಾರಿ ಆಸ್ಪತ್ರೆಗೆ ಬರುವ ಬಸುರಿಯರ ಮತ್ತು ಲೈಂಗಿಕ ರೋಗಗಳ ಕ್ಲಿನಿಕ್ಕಿಗೆ ಬರುವವರ ರಕ್ತದ ಮಾದರಿಯನ್ನು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿಸಿದರು. 15ರಿಂದ 49 ವಯಸ್ಸಿನವರಲ್ಲಿ ಸೋಂಕು ಇದ್ದದ್ದು ಶೇ. 0.28 ಮಾತ್ರ. 2007ರಲ್ಲಿ ಅಂದಾಜನ್ನು ಹೊಸದಾಗಿ ಮಾಡಿದಾಗ ಈ ಸಮೀಕ್ಷೆಯನ್ನೂ ಸೇರಿಸಿಕೊಂಡರು.

ನಾನು ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ ಡೆಸ್ಕಿನಲ್ಲಿ ಒಬ್ಬರು ಹಿರಿಯರಿದ್ದರು. ಕಾಪಿಯಲ್ಲಿ ಶೇಕಡಾ ಕಂಡರೆ ಸಾಕು, ಅಂಚಿನಲ್ಲಿ ಕೆಂಪು ಪೆನ್ನಿನಿಂದ "ಯಾರ ಪೈಕಿ?" ಅಂತ ಬರೆದು ವಾಪಸ್ ಕೊಡುತ್ತಿದ್ದರು. ಒಮ್ಮೆ ನನ್ನನ್ನು ಜಿಲ್ಲಾಸ್ಪತ್ರೆಗೇ ಅಟ್ಟಿದರು. "ಬಸುರಿಯರ ಸಾಲಿನಲ್ಲಿ ಯಾರ್‍ಯಾರು ಕೂತಿದ್ದಾರೆ, ನೋಡಿಕೊಂಡು ಬಾ" ಅಂದರು. ಬೆಂಚಿನ ಮೇಲಿದ್ದವರು ಹೆಚ್ಚಾಗಿ ಕೂಲಿ ಮಾಡುವ ಹೆಣ್ಣುಮಕ್ಕಳು. ಒಬ್ಬಾಕೆಯ ಕೈಯಲ್ಲಿ ನರ್ಸಿಂಗ್ ಹೋಮಿನ ಚೀಟಿ, ನಾಲ್ಕು ಮಡಿಕೆ ಮಾಡಿದ್ದು. ಅಲ್ಲಿ ರಕ್ತ ನೋಡಿದ ಮೇಲೆ "ಇಲ್ಲಿ ಹೆರಿಗೆ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ" ಅಂದರಂತೆ. ಇಂಥವರೆಲ್ಲ ಬಂದು ಸೇರುವ ಸಾಲಿನ ಲೆಕ್ಕವನ್ನು ಇಡೀ ಜಿಲ್ಲೆಗೆ ಹಿಗ್ಗಿಸಿದರೆ ಸಂಖ್ಯೆ ಉಬ್ಬದೆ ಇನ್ನೇನಾಗುತ್ತದೆ?

ಇನ್ನು ನಾಲ್ಕನೇ ಪುಟ: "ಬಾಗಲಕೋಟೆ, ಬೆಳಗಾವಿ ಭಾಗದಲ್ಲಿ ಸೋಂಕು ಹರಡಿದ್ದು ದೇವದಾಸಿಯರಿಂದ."

ಈ ವಾಕ್ಯದಲ್ಲಿ ಗಂಡಸರೇ ಇಲ್ಲವಲ್ಲ! ಆಕೆಗೆ ಸೋಂಕು ತಂದವನು ಯಾರು? ಆಕೆಯಿಂದ ಅದನ್ನು ಮನೆಗೆ ಒಯ್ದವನು ಯಾರು? ಮುತ್ತು ಕಟ್ಟುವುದನ್ನು, ಅಂದರೆ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು, ನಿಷೇಧಿಸುವ ಕಾಯ್ದೆ 1982ರದು. ಕಾಯ್ದೆ ಬಂದರೂ ಆಕೆಗೆ ಹೊಲ ಸಿಗಲಿಲ್ಲ, ಬೇರೆ ದುಡಿಮೆಯೂ ಸಿಗಲಿಲ್ಲ. ಹೊಟ್ಟೆಪಾಡಿಗೆ ಸಾಂಗ್ಲಿ, ಪುಣೆ, ಮುಂಬೈಗೆ ಹೋದವರಿದ್ದಾರೆ. ಇದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಗಂಡನನ್ನು ಬಿಟ್ಟು ಬೇರೆಯವರ ಸಂಗವನ್ನೇ ಕಾಣದೆ ಸೋಂಕು ತಗುಲಿಸಿಕೊಂಡ ಹೆಂಡತಿಯರೂ ಇಲ್ಲ. ಇವತ್ತು ದೇಶದ ಸೋಂಕಿತರಲ್ಲಿ ಶೇ. 40ಕ್ಕೂ ಹೆಚ್ಚು ಹೆಂಗಸರು. ಸೋಂಕಿನ ಪ್ರಮಾಣ ಅತಿ ಹೆಚ್ಚಿರುವುದು ಮಿಜೋರಾಂನಲ್ಲಿ, ವಯಸ್ಕರಲ್ಲಿ ಶೇ. 2ಕ್ಕೂ ಮೇಲೆ. ಅಲ್ಲಿ ಮುತ್ತು ಕಟ್ಟುವ ಪದ್ಧತಿ ಇಲ್ಲ. ಮಾದಕವಸ್ತು ಚುಚ್ಚಿಕೊಳ್ಳುವವರು ಒಂದೇ ಸೂಜಿ ಹಂಚಿಕೊಂಡಿದ್ದು ಅಲ್ಲಿ ದೊಡ್ಡ ಕಾರಣ. ಸುಮ್ನೆ ಒಂದು ಜಾತಿಯ, ಒಂದು ಕಸುಬಿನ ಹೆಂಗಸರ ತಲೆಗೆ ಕಟ್ಟುವ ವಾಕ್ಯವನ್ನು ನಾನು ಅಚ್ಚು ಹಾಕುವುದಿಲ್ಲ.

ಇವೆರಡನ್ನೂ ತಿದ್ದಿ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ. ಪ್ರತಿ ಶೇಕಡಾ ಪಕ್ಕದಲ್ಲೂ ಯಾವ ವರ್ಷ, ಯಾವ ವಯಸ್ಸಿನವರು, ಎಲ್ಲಿ ಪರೀಕ್ಷೆ ಮಾಡಿದ್ದು ಅಂತ ಬರೆಯಿರಿ. ಲೇಖನದ ಕೊನೆಯಲ್ಲಿ ಬರುವ ಆ ತಾಯಿಯ ಹೆಸರು, ಊರು ಹಾಕಲು ಅವರ ಒಪ್ಪಿಗೆ ತಗೊಂಡಿದ್ದೀರಾ? ಇಲ್ಲದಿದ್ದರೆ ಎರಡನ್ನೂ ತೆಗೆದೇ ಕಳಿಸಿ.

ಇಂತಿ,
ಸಂಪಾದಕ