ಬಾ, ಒಂದು ರೌಂಡ್ ಹೋಗಿ ಬರೋಣ

ಓದುಗರ ಪ್ರಶ್ನೆ: ಮನೆ–ಮಕ್ಕಳು

ಹದಿಹರೆಯದ ಮಕ್ಕಳ ಜೊತೆ ಗಾಡಿಯಲ್ಲಿ ಓಡಾಡುವುದರ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ ಕೊಟ್ಟಿದ್ದೇವೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಮಗ ಹತ್ತನೇ ಕ್ಲಾಸು. ಮನೆಯಲ್ಲಿ ಏನು ಕೇಳಿದರೂ ‘ಏನಿಲ್ಲ ಬಿಡವ್ವಾ’ ಅಂತ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಟ್ಯೂಷನ್ನಿನಿಂದ ಕಾರಿನಲ್ಲಿ ಕರೆತರುವಾಗ ಮಾತ್ರ ಒಮ್ಮೊಮ್ಮೆ ತಾನಾಗಿಯೇ ಮಾತಾಡುತ್ತಾನೆ. ಗೆಳೆಯರು ತನ್ನನ್ನು ದೂರ ಇಟ್ಟಿದ್ದಾರೆ ಅಂತ ಹೋದ ವಾರ ಹೇಳಿದ. ಮನೆಗೆ ಬಂದ ಮೇಲೆ ಅದನ್ನೇ ಕೇಳಿದರೆ ಸಿಟ್ಟು. ಏನು ಮಾಡಲಿ?
– ತಾಯಿ, ಧಾರವಾಡ

ಉತ್ತರ: ಎಲ್ಲಿ ಮಾತಾಡಬಲ್ಲೆ ಎಂದು ಮಗನೇ ತೋರಿಸಿಕೊಟ್ಟಿದ್ದಾನೆ. ಆ ಜಾಗವನ್ನು ಕೆಡದಂತೆ ನೋಡಿಕೊಳ್ಳಿ.

ಎದುರು ಕೂರಿಸಿಕೊಂಡು ಕೇಳಿದರೆ ಈ ವಯಸ್ಸಿನವರಿಗೆ ಅದು ವಿಚಾರಣೆ. ನಿಮ್ಮ ಹುಬ್ಬು ಒಂದಿಷ್ಟು ಗಂಟಿಕ್ಕಿದರೂ ಅವರ ಕಣ್ಣಿಗೆ ಬೀಳುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾರಿನಲ್ಲಿ ಇಬ್ಬರ ಕಣ್ಣೂ ರಸ್ತೆಯ ಮೇಲಿರುತ್ತದೆ. ಸುಮ್ಮನೆ ಕೂತರೂ ಮುಜುಗರವಿಲ್ಲ. ಅಜ್ಜಿಯ ಕಿವಿಗೋ ತಂಗಿಯ ಕಿವಿಗೋ ಬೀಳುವ ಹೆದರಿಕೆಯಿಲ್ಲ. ಮನೆ ಬಂತೆಂದರೆ ಮಾತು ಮುಗಿಯುತ್ತದೆ ಎಂಬ ಧೈರ್ಯವೂ ಇರುತ್ತದೆ. ನೀವು ಮನೆಯೊಳಗೆ ಅದನ್ನೇ ಮತ್ತೆ ಎತ್ತಿದಾಗ ಹೋಗಿದ್ದು ಆ ಧೈರ್ಯವೇ. ಕಾರಿನಲ್ಲಿ ಹೇಳಿದ್ದನ್ನು ಕಾರಿನಲ್ಲೇ ಬಿಡಿ. ಮತ್ತೆ ಮಾತಾಡಬೇಕೆನಿಸಿದರೆ ಮುಂದಿನ ರೌಂಡಿಗೆ ಕಾಯಿರಿ.

ಸಮಯ 25ರಿಂದ 40 ನಿಮಿಷ ಇರಲಿ. ಕೈಯಲ್ಲಿನ ಫೋನ್ ಕೆಳಗಿಡುವುದಕ್ಕೇ ಮಕ್ಕಳಿಗೆ ಮೊದಲ ಹತ್ತು ನಿಮಿಷ ಬೇಕು; ಕಾಲು ಗಂಟೆಯಲ್ಲಿ ಮನೆ ಬಂದುಬಿಟ್ಟರೆ ಏನೂ ಆಗುವುದಿಲ್ಲ. ಒಂದು ಗಂಟೆ ದಾಟಿದರೆ ಬೇಸರ, ಹಸಿವು. ಟ್ಯೂಷನ್ ಮುಗಿಸಿ ಬಂದವನ ಹೊಟ್ಟೆ ಖಾಲಿ ಇರುತ್ತದೆ, ಮೊದಲು ಗಿರ್ಮಿಟ್ಟೋ ಮಿರ್ಚಿಯೋ ಕೊಡಿಸಿ. ಆಮೇಲೆ ನೇರ ಮನೆಗೆ ಬರದೆ ನುಗ್ಗಿಕೇರಿ ಕಡೆಗೋ ಹಳಿಯಾಳ ರಸ್ತೆಯಲ್ಲಿ ಸ್ವಲ್ಪ ದೂರವೋ ಹೋಗಿ ತಿರುಗಿಸಿಕೊಂಡು ಬನ್ನಿ. ಯಾವ ಕಡೆ ಅನ್ನುವುದನ್ನು ಅವನೇ ಹೇಳಲಿ, ಹಾಡೂ ಅವನದೇ ಇರಲಿ. ನಿಮಗೆ ಆ ಹಾಡು ಹಿಡಿಸದಿದ್ದರೆ ಸೌಂಡ್ ಕಡಿಮೆ ಮಾಡಲು ಕೇಳಬಹುದು, ಹಾಡಿನ ಬಗ್ಗೆ ಟೀಕೆ ಬೇಡ.

ಗಾಡಿ ಹೊರಟ ಮೇಲೆ ಹತ್ತು ನಿಮಿಷ ಒಂದು ಪ್ರಶ್ನೆಯನ್ನೂ ಕೇಳಬೇಡಿ. ಮಾರ್ಕ್ಸ್, ಪಕ್ಕದ ಮನೆಯ ಹುಡುಗ, ಮೊಬೈಲ್ ಬಳಕೆ – ಈ ಮೂರು ವಿಷಯಗಳಿಗೆ ಕಾರಿನೊಳಗೆ ಪ್ರವೇಶವಿಲ್ಲ. ಅವನು ಏನಾದರೂ ಹೇಳಿದರೆ ‘ಹೂಂ, ಆಮೇಲೆ?’ ಎನ್ನಿ ಸಾಕು. ಮಾತು ನಿಂತರೆ ಮುಂದಿನ ಸಿಗ್ನಲ್ ಬರುವವರೆಗೆ ನೀವೂ ಸುಮ್ಮನಿರಿ. ಹೇಳಬೇಕಾದ ನಿಜವಾದ ವಿಷಯ ಬಹಳ ಸಲ ಆ ಸುಮ್ಮನಿದ್ದ ಹೊತ್ತಿನ ನಂತರವೇ ಬರುತ್ತದೆ. ಗೆಳೆಯರ ವಿಷಯ ಮತ್ತೆ ಬಂದರೆ ‘ನಾನೇನಾದರೂ ಮಾಡಲಾ, ಕೇಳಿಸಿಕೊಂಡರೆ ಸಾಕಾ?’ ಎಂದು ಕೇಳಿ. ಕೇಳಿಸಿಕೊಂಡರೆ ಸಾಕು ಅಂದರೆ ಅಷ್ಟೇ ಮಾಡಿ. ಆ ಹುಡುಗರ ಅಮ್ಮಂದಿರಿಗೆ ಫೋನ್ ಮಾಡಿದಿರೋ, ಮುಂದೆ ಅವನು ಬಾಯಿ ಬಿಡುವುದಿಲ್ಲ.

ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಓಡುವ ಕಾರಿನಿಂದ ಮಗು ಎದ್ದು ಹೋಗಲಾರದು. ಕೂಡಿಟ್ಟ ಬುದ್ಧಿಮಾತನ್ನೆಲ್ಲ ಅಲ್ಲೇ ಹೇಳಿ ಮುಗಿಸೋಣ ಅಂತ ಹೊರಟರೆ ಎರಡನೇ ಸಲಕ್ಕೇ ‘ನಾ ಬರಂಗಿಲ್ಲ’ ಅನ್ನುತ್ತಾನೆ. ಇನ್ನೊಂದು, ಬ್ಲೂಟೂತ್. ಮಗ ಮನಸ್ಸು ಬಿಚ್ಚುತ್ತಿರುವಾಗ ಚಿಕ್ಕಮ್ಮನ ಕರೆ ಕಾರಿನ ಸ್ಪೀಕರಿನಲ್ಲಿ ಬಂದರೆ ಆ ದಿನ ಅಲ್ಲಿಗೆ ಮುಗಿಯಿತು. ಹೊರಡುವ ಮೊದಲೇ ನಿಮ್ಮ ಫೋನಿನ ಬ್ಲೂಟೂತ್ ಆಫ್ ಮಾಡಿ, ಫೋನನ್ನು ಸೈಲೆಂಟಿಗೆ ಹಾಕಿ.

ಇಡೀ ದಾರಿ ಅವನು ಮಾತೇ ಆಡದಿದ್ದರೆ ಸೋತೆವು ಅಂದುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಬಂದಿದ್ದಾನಲ್ಲ.

ಪ್ರಶ್ನೆ: ನಮ್ಮಲ್ಲಿ ಕಾರಿಲ್ಲ, ಸ್ಕೂಟರ್ ಇದೆ. ಮಗಳಿಗೆ 14. ಸ್ಕೂಟರಿನಲ್ಲಿ ಮಾತು ಸಾಧ್ಯವೇ?
– ತಂದೆ, ಶಿವಮೊಗ್ಗ

ಉತ್ತರ: ಓಡಿಸುವಾಗ ಬೇಡ. ಹೆಲ್ಮೆಟ್ಟಿನೊಳಗೆ ಕೇಳಿಸಲಿ ಅಂತ ನೀವು ತಲೆ ಹಿಂದಕ್ಕೆ ತಿರುಗಿಸುತ್ತೀರಿ, ಮಗಳು ಮುಂದಕ್ಕೆ ವಾಲುತ್ತಾಳೆ, ಗಾಡಿಯ ಸಮತೋಲ ತಪ್ಪುತ್ತದೆ. ಸ್ಕೂಟರ್ ಕರೆದುಕೊಂಡು ಹೋಗಲಿ, ಮಾತು ನಿಂತಾಗ ನಡೆಯಲಿ. ನಿಮ್ಮೂರಿನಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು ಸುಮಾರು 14 ಕಿ.ಮೀ. ಗಂಟೆಗೆ 40ರ ಒಳಗೆ ಹೋದರೆ ಅರ್ಧ ಗಂಟೆ. ಅಲ್ಲಿ ಗಾಡಿ ನಿಲ್ಲಿಸಿ, ಸೀಟಿಗೆ ಒರಗಿಕೊಂಡು, ತುಂಗೆಯ ಹಿನ್ನೀರಿನ ಕಡೆ ಮುಖ ಮಾಡಿ ನಿಲ್ಲಿ. ಅಕ್ಕಪಕ್ಕ ನಿಂತಾಗಲೂ ಕಾರಿನ ಅನುಕೂಲವೇ ಸಿಗುತ್ತದೆ.

ಮಗಳಿಗೆ ಅವಳ ತಲೆಗೆ ಸರಿಯಾಗಿ ಕೂರುವ ಐಎಸ್‌ಐ ಗುರುತಿನ ಹೆಲ್ಮೆಟ್ ಪ್ರತ್ಯೇಕವಾಗಿ ಕೊಡಿಸಿ. ಅಮ್ಮನದು ದೊಡ್ಡದಾಗಿ ಅಲ್ಲಾಡುತ್ತದೆ, ಬಿದ್ದಾಗ ಕಳಚಿ ಹೋಗುತ್ತದೆ. ಪಟ್ಟಿ ಬಿಗಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳಷ್ಟೇ ಹಿಡಿಸಬೇಕು. ವೇಲ್ ಹಾಕಿದ್ದರೆ ಎರಡೂ ತುದಿಗಳನ್ನು ಕಟ್ಟಿ ಒಳಗೆ ಸೇರಿಸಲಿ. ಗಾಳಿಗೆ ಹಾರಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡು ಆಗುವ ಅನಾಹುತಗಳು ಕಡಿಮೆಯಲ್ಲ. ಕತ್ತಲಾಗುವ ಮೊದಲು ವಾಪಸಾಗಿ.

ಪ್ರಶ್ನೆ: ಆಗುಂಬೆ ಘಾಟಿಯಲ್ಲಿ ಮಗಳಿಗೆ ವಾಂತಿ. ಅದಕ್ಕೇ ಎಲ್ಲಿಗೂ ಬರಲ್ಲ ಅನ್ನುತ್ತಾಳೆ.
– ತಾಯಿ, ಉಡುಪಿ

ಉತ್ತರ: ಕಣ್ಣು ಫೋನಿನಲ್ಲಿ ಅಲುಗಾಡದ ಪರದೆಯನ್ನು ನೋಡುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಪ್ರತಿ ತಿರುವನ್ನೂ ವರದಿ ಮಾಡುತ್ತದೆ. ಎರಡಕ್ಕೂ ತಾಳ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಮುಂದಿನ ಸೀಟು, ಕಣ್ಣು ದೂರದ ರಸ್ತೆಯ ಮೇಲೆ, ಫೋನ್ ಬ್ಯಾಗಿನೊಳಗೆ. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ತಿನ್ನಲಿ. ಖಾಲಿ ಹೊಟ್ಟೆಯೂ ಕೂಡದು, ಎಣ್ಣೆಯಲ್ಲಿ ಕರಿದ ಬನ್ಸ್ ತಿಂದ ಹೊಟ್ಟೆಯೂ ಕೂಡದು. ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಕಾರಿನಲ್ಲಿರುವ ಸುವಾಸನೆಯ ಡಬ್ಬಿಯನ್ನು ತೆಗೆದುಬಿಡಿ.

ಅದಕ್ಕಿಂತ ಮುಖ್ಯವಾಗಿ ಓಡಿಸುವವರು ಸರಿಹೋಗಬೇಕು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಿರುವಿನೊಳಗೆ ಹೊಕ್ಕ ಮೇಲೆ ಬ್ರೇಕ್ ಒತ್ತಿ, ಹೊರಬರುತ್ತಲೇ ಜೋರಾಗಿ ಎಳೆದರೆ ಯಾರಿಗಾದರೂ ವಾಂತಿ ಬರುತ್ತದೆ. ತಿರುವು ಬರುವ ಮೊದಲೇ ವೇಗ ಇಳಿಸಿ, ಗೇರ್ ಇಳಿಸಿ, ತಿರುವಿನುದ್ದಕ್ಕೂ ಒಂದೇ ವೇಗದಲ್ಲಿ ಹೋಗಿ. ಮಾತ್ರೆ ಬೇಕೇಬೇಕೆಂದರೆ ವೈದ್ಯರನ್ನು ಕೇಳಿ. ಅದನ್ನು ಹೊರಡುವ ಮೊದಲೇ ನುಂಗಬೇಕು, ಘಾಟಿ ಹತ್ತುವಾಗ ನುಂಗಿ ಪ್ರಯೋಜನವಿಲ್ಲ, ನಿದ್ದೆಯೂ ಬರುತ್ತದೆ. ಇಬ್ಬರೂ ಕೂತು ಮಾತಾಡಬೇಕೆಂಬುದೇ ಉದ್ದೇಶವಾದರೆ ಘಾಟಿಯೇ ಯಾಕೆ? ನಿಮ್ಮಲ್ಲೇ ಮರವಂತೆ ಇದೆ, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ನೇರ ರಸ್ತೆ.

ಪ್ರಶ್ನೆ: ಮಗನಿಗೆ 16. ಖಾಲಿ ರಿಂಗ್ ರೋಡಿನಲ್ಲಿ ಕಾರು ಓಡಿಸಲು ಕೊಡು ಅಂತ ಹಟ. ಪಕ್ಕದಲ್ಲಿ ನಾನಿದ್ದರೆ ಪರವಾಗಿಲ್ಲವೇ?
– ತಂದೆ, ಮೈಸೂರು

ಉತ್ತರ: ಇಲ್ಲ, ನೀವು ಪಕ್ಕದಲ್ಲಿದ್ದರೂ ಕೊಡಬೇಡಿ. ಕಾರಿಗೆ 18 ತುಂಬಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಅಪ್ರಾಪ್ತರು ಓಡಿಸಿ ಅಪರಾಧ ನಡೆದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. 16ಕ್ಕೆ ಲೈಸೆನ್ಸ್ ಸಿಗುತ್ತದಂತೆ ಎನ್ನುವವರು ಹೇಳುವುದು 50 ಸಿಸಿ ಒಳಗಿನ ದ್ವಿಚಕ್ರದ ಮಾತು. ಈಗ ಬೀದಿಯಲ್ಲಿ ಓಡುವ ಸ್ಕೂಟರುಗಳು 110, 125 ಸಿಸಿ.

ಆದರೆ ಬರೀ ‘ಬೇಡ’ ಅಂದು ಬಿಡಬೇಡಿ. ಸ್ಟೀರಿಂಗ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನ ಕೈಗೆ ಕೊಡಿ. ಹೊರಡುವ ಮುಂಚೆ, ಟೈರ್ ಇನ್ನೂ ತಣ್ಣಗಿರುವಾಗ ಗಾಳಿ ನೋಡುವುದು ಅವನ ಕೆಲಸ. ಎಷ್ಟಿರಬೇಕೆಂಬುದು ಡ್ರೈವರ್ ಬಾಗಿಲಿನ ಪಕ್ಕದ ಕಂಬದ ಸ್ಟಿಕ್ಕರಿನಲ್ಲಿದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಿ.ಮೀ., ಲೀಟರ್ ಬರೆದಿಟ್ಟು ಮೈಲೇಜ್ ಲೆಕ್ಕ ಹಾಕಲಿ. ದಾರಿ ಹೇಳುವವನೂ ಅವನೇ.

ಒಂದು ಭಾನುವಾರ ಮನೆ ಮುಂದೆ ಸ್ಟೆಪ್ನಿ ಬದಲಿಸುವುದನ್ನು ಕಲಿಸಿ. ನೆಲ ಸಮವಾಗಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು ಫಸ್ಟ್ ಗೇರಿಗೆ ಹಾಕಿ, ಬಿಚ್ಚುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರದ ಎರಡೂ ಕಡೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎಲ್ಲರೂ ಎಡವುವುದು ಇಲ್ಲೇ: ಜ್ಯಾಕ್ ಏರಿಸಿದ ಮೇಲೆ ನಟ್ಟಿಗೆ ಬಲ ಹಾಕಿದರೆ ಕಾರು ಜ್ಯಾಕಿನಿಂದ ಜಾರುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲಿ ಜ್ಯಾಕಿಗೆಂದೇ ಗುರುತು ಮಾಡಿದ ಜಾಗವಿದೆ, ಬೇರೆಡೆ ಕೊಟ್ಟರೆ ತಗಡು ಮಡಚಿಕೊಳ್ಳುತ್ತದೆ. ಚಕ್ರ ನೆಲ ಬಿಟ್ಟ ಮೇಲೆ ಬಿಚ್ಚಿದ ಟೈರನ್ನು ಕಾರಿನಡಿ ಮಲಗಿಸಿಡಿ. ಜ್ಯಾಕ್ ಕೈಕೊಟ್ಟರೂ ಕಾರು ಅದರ ಮೇಲೆ ಕೂರುತ್ತದೆ. ಸ್ಟೆಪ್ನಿ ಕೂರಿಸಿ ಎಲ್ಲ ನಟ್ಟುಗಳನ್ನೂ ಬೆರಳಿನಿಂದ ತಿರುಗಿಸಿ ಕೂರಿಸಿ, ಅಡಿಯ ಟೈರ್ ಎಳೆದು, ಕಾರನ್ನು ಇಳಿಸಿ, ಆಮೇಲೆ ಒಂದಕ್ಕೆ ಎದುರಿನ ಇನ್ನೊಂದು ಅನ್ನುವ ಕ್ರಮದಲ್ಲಿ ಸ್ಪ್ಯಾನರ್ ಹಾಕಿ ಬಿಗಿಯಿರಿ. ಸುಮಾರು 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಕಾರಿನಡಿ ಕೈಯಾಗಲಿ ಕಾಲಾಗಲಿ ಹೋಗಕೂಡದು. ಗ್ರೀಸ್ ಹತ್ತಿದ ಕೈಯಲ್ಲಿ ಇಬ್ಬರೂ ನೆಲಕ್ಕೆ ಕೂತಿರುವ ಆ ಮುಕ್ಕಾಲು ಗಂಟೆಯಲ್ಲಿ ಅವನು ಏನಾದರೂ ಹೇಳಿದರೆ, ಸ್ಪ್ಯಾನರ್ ಕೆಳಗಿಡದೆ ಕೇಳಿಸಿಕೊಳ್ಳಿ.

ಪ್ರಶ್ನೆ: ಮಗಳಿಗೆ ಕಾರು ಕಲಿಯುವ ಪರ್ಮಿಟ್ ಬಂದಿದೆ. 50 ಗಂಟೆ ಅಭ್ಯಾಸ ಮಾಡಿಸಬೇಕು. ಎರಡನೇ ದಿನವೇ ಜಗಳ, ಅವಳ ಅಳು.
– ತಂದೆ, ಕ್ಯಾಲಿಫೋರ್ನಿಯಾ

ಉತ್ತರ: ಅಲ್ಲಿಯ ಕಾನೂನು ನಿಮ್ಮಿಬ್ಬರಿಗೆ 50 ಗಂಟೆ ಕೊಟ್ಟಿದೆ, ಅದರಲ್ಲಿ 10 ರಾತ್ರಿಯದು. ಪರ್ಮಿಟ್ ಬಂದ ಆರು ತಿಂಗಳ ನಂತರವಷ್ಟೇ ಲೈಸೆನ್ಸ್. ವಾರಕ್ಕೆ ಎರಡು ಗಂಟೆಯಂತೆ ಹಂಚಿದರೆ ಸರಿಯಾಗುತ್ತದೆ. ಒಂದೇ ವಾರಾಂತ್ಯಕ್ಕೆ ಆರು ಗಂಟೆ ತುರುಕಿದಾಗ ಜಗಳವಾಗುತ್ತದೆ. ಒಂದು ಸಲಕ್ಕೆ 45 ನಿಮಿಷ ಸಾಕು. ಮೊದಮೊದಲು ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗ, ಆಮೇಲೆ ಮನೆಗಳ ನಡುವಿನ ಬೀದಿ, ಆಮೇಲೆ ಸಿಗ್ನಲ್ ಇರುವ ದೊಡ್ಡ ರಸ್ತೆ, ಕೊನೆಗೆ ಫ್ರೀವೇ.

ಸೂಚನೆಯನ್ನು ತಿರುವು ಬಂದಾಗ ಕೊಡದೆ ಒಂದು ಬ್ಲಾಕ್ ಮೊದಲೇ ಕೊಡಿ. ‘ಅಯ್ಯೋ’ ಅನ್ನುವುದು ಸೂಚನೆಯಲ್ಲ, ಅದನ್ನು ಕೇಳಿದ ಮಗು ಏನನ್ನು ಮಾಡಬೇಕೆಂದು ತಿಳಿಯದೆ ಬ್ರೇಕ್ ಒತ್ತುತ್ತದೆ. ನಿಲ್ಲಿಸು, ನಿಧಾನ, ಹೋಗು – ಇಷ್ಟೇ ಪದಗಳೆಂದು ಮೊದಲೇ ಮಾತಾಡಿಕೊಳ್ಳಿ. ತಪ್ಪುಗಳನ್ನು ಓಡುವಾಗ ಪಟ್ಟಿ ಮಾಡಬೇಡಿ, ಕಾರು ನಿಂತ ಮೇಲೆ ಎರಡನ್ನು ಮಾತ್ರ ಹೇಳಿ. ಭಾರತದಲ್ಲಿ ಓಡಿಸಿ ಬಂದವರಿಗೆ ಸ್ಟಾಪ್ ಬೋರ್ಡಿನಲ್ಲಿ ಗಾಡಿಯನ್ನು ಪೂರ್ತಿ ನಿಲ್ಲಿಸದೆ ಜಾರಿಸಿಕೊಂಡು ಹೋಗುವ ಅಭ್ಯಾಸವಿದ್ದರೆ ಅದನ್ನು ಈಗಲೇ ಬಿಡಿ, ಅವಳು ನಿಮ್ಮ ಕಾಲನ್ನೇ ನೋಡಿ ಕಲಿಯುತ್ತಾಳೆ.

ಇನ್ನೊಂದು ಮಾತು: ಕಲಿಯುವವಳು ಓಡಿಸುವಾಗ ಮನಸ್ಸಿನ ವಿಷಯ ಕೇಳಬೇಡಿ, ಅವಳ ಗಮನ ಪೂರ್ತಿ ರಸ್ತೆಗೇ ಬೇಕು. ಹೋಗುವಾಗ ಅವಳು ಓಡಿಸಲಿ, ಬರುವಾಗ ನೀವು ಓಡಿಸಿ. ಮಾತಿಗೆ ಬರುವಾಗಿನ ದಾರಿ. ಲೈಸೆನ್ಸ್ ಬಂದ ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಒಬ್ಬಳೇ ಓಡಿಸುವಂತಿಲ್ಲ, 20ರ ಒಳಗಿನ ಗೆಳತಿಯರನ್ನು ಕೂರಿಸಿಕೊಳ್ಳುವಂತಿಲ್ಲ. ಆಗಲೂ ನಿಮಗೆ ಪಕ್ಕದ ಸೀಟು ಆಗಾಗ ಸಿಗುತ್ತದೆ.

ಪ್ರಶ್ನೆ: ಕಾರಿನಲ್ಲಿ ಬರುವಾಗ ಮಗಳು ‘ನಾನು ಇರದಿದ್ದರೇ ಚೆನ್ನಾಗಿರುತ್ತಿತ್ತು’ ಅಂದಳು. ಏನು ಹೇಳಬೇಕೋ ತಿಳಿಯದೆ ವಿಷಯ ಬದಲಿಸಿದೆ. ನಿದ್ದೆ ಬರುತ್ತಿಲ್ಲ.
– ಹೆಸರು, ಊರು ಬೇಡ

ಉತ್ತರ: ಈ ಪತ್ರಕ್ಕೆ ಅಂಚೆಯಲ್ಲೂ ಉತ್ತರಿಸಿದ್ದೇವೆ. ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ. ಮುಂದಿನ ರೌಂಡಿಗೆ ಕಾಯಬೇಕೆಂಬ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ. ಇವತ್ತೇ ಕೇಳಿ. ‘ಅವತ್ತು ನೀನು ಹೇಳಿದ್ದು ನನ್ನ ಮನಸ್ಸಲ್ಲೇ ಇದೆ. ಸಾಯಬೇಕು ಅನ್ನಿಸುತ್ತಿದೆಯಾ?’ ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುವುದಿಲ್ಲ. ಹೇಳಿಕೊಳ್ಳಲು ದಾರಿ ಸಿಗುತ್ತದೆ. ಬೈಯಬೇಡಿ, ‘ನಮ್ಮ ಗತಿ ಏನು’ ಅನ್ನಬೇಡಿ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆಗಳು, ಕೀಟನಾಶಕ ಅವಳ ಕೈಗೆ ಸಿಗದ ಕಡೆ ಹೋಗಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಪ್ರತ್ಯೇಕ ವಿಭಾಗವಿದೆ. ತಕ್ಷಣದ ಅಪಾಯ ಕಂಡರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಓಡಿಸುತ್ತಿರುವಾಗಲೇ ಇಂಥ ಮಾತು ಬಂದರೆ ಇಂಡಿಕೇಟರ್ ಹಾಕಿ, ಹೆದ್ದಾರಿಯ ಅಂಚಿನಲ್ಲಲ್ಲ, ಪೆಟ್ರೋಲ್ ಬಂಕೋ ಹೋಟೆಲೋ ಇರುವ ಕಡೆ ಒಳಗೆ ತಂದು ನಿಲ್ಲಿಸಿ. ಎಂಜಿನ್ ಆಫ್ ಮಾಡಿ, ಸೀಟ್ ಬೆಲ್ಟ್ ಬಿಚ್ಚಿ, ಆಗ ಅವಳ ಕಡೆ ತಿರುಗಿ.

ಪ್ರಶ್ನೆ: ವಾರಕ್ಕೆ ಎಷ್ಟು ಸಲ? ಪೆಟ್ರೋಲ್ ಖರ್ಚು ನೋಡಬೇಕಲ್ಲ.
– ತಂದೆ, ದಾವಣಗೆರೆ

ಉತ್ತರ: ಒಂದು ಸಲ ಸಾಕು, ಆದರೆ ದಿನ ತಪ್ಪಬಾರದು. ಲೀಟರಿಗೆ 15 ಕಿ.ಮೀ. ಕೊಡುವ ಸಣ್ಣ ಕಾರಿನಲ್ಲಿ 20 ಕಿ.ಮೀ. ಸುತ್ತಿದರೆ ಒಂದೂಕಾಲು ಲೀಟರಿಗಿಂತ ತುಸು ಹೆಚ್ಚು ಆಗುತ್ತದೆ. ಅದೂ ಹೊರೆಯೆನಿಸಿದರೆ ಬೇರೆ ರೌಂಡ್ ಬೇಡ: ರೇಷನ್ ತರುವುದು, ಗ್ಯಾಸ್ ಸಿಲಿಂಡರ್ ತರುವುದು, ಅಜ್ಜಿಯನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವುದು, ಇವಕ್ಕೇ ಮಗುವನ್ನು ಜೊತೆಗೆ ಕರೆದುಕೊಳ್ಳಿ. ಅಜ್ಜಿಯನ್ನು ಇಳಿಸಿ ವಾಪಸ್ ಬರುವಾಗ ಹಿಂದೆ ಕೂತಿದ್ದವರನ್ನು ಮುಂದಿನ ಸೀಟಿಗೆ ಕರೆಯುವುದು ಮರೆಯಬೇಡಿ.