ಮೇಯರ್ ಕೈಗೆ ಕೊಟ್ಟ ಮನವಿ ಮತ್ತು ನೆನೆದ ಹನ್ನೊಂದು ಮೂಟೆ ಅಕ್ಕಿ

ಮುಂಬಯಿಯ ಮೇಯರ್‌ಗೆ ಹೆಚ್ಚು ಅಧಿಕಾರ ಬೇಕೆಂದು ಚರ್ಚಾಸ್ಪರ್ಧೆಯಲ್ಲಿ ವಾದಿಸಬೇಕು ಎಂದಿದ್ದೀರಿ. ನಾನೂ ಒಂದು ಕಾಲಕ್ಕೆ ಇದೇ ವಾದ ಮಾಡುತ್ತಿದ್ದೆ.

ಆಗ ಘಾಟ್‌ಕೋಪರ್‌ನಲ್ಲಿ ನನ್ನ ಹೋಟೆಲಿತ್ತು, ಅದರ ಬೆನ್ನಿಗೇ ಹೂಳು ತುಂಬಿದ ನಾಲಾ. ಒಂದು ಫೆಬ್ರವರಿಯಲ್ಲಿ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಮೇಯರ್ ಬಂದಿದ್ದರು. ಶಾಲು ಹೊದಿಸಿ, ನಾಲಾದ ಹೂಳು ತೆಗೆಸಿ ಎಂದು ಮರಾಠಿಯಲ್ಲಿ ಬರೆಸಿದ್ದ ಮನವಿ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದರು. ಮಾರ್ಚ್‌ನಲ್ಲಿ ಅದರ ಪ್ರತಿ ನನಗೆ ಬಂತು, ನೇರಳೆ ಮುದ್ರೆ, ಕೆಳಗೆ ‘ಪುಢೀಲ ಕಾರ್ಯವಾಹೀಸಾಠೀ’, ಅಂದರೆ ‘ಮುಂದಿನ ಕ್ರಮಕ್ಕಾಗಿ’, ಎಂಬ ಷರಾ. ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿ ನಿಶ್ಚಿಂತನಾದೆ.

ತಪ್ಪಿದ್ದು ಇಲ್ಲೇ. ಮುಂಬಯಿಯ ಮೇಯರ್ ಎಂದರೆ ನಗರಸೇವಕರು, ಅಂದರೆ ಪಾಲಿಕೆ ಸದಸ್ಯರು, ಎರಡೂವರೆ ವರ್ಷಕ್ಕೆ ಆರಿಸುವ ಸಭಾಧ್ಯಕ್ಷರು. 1888ರ ಮುಂಬಯಿ ಪಾಲಿಕೆ ಕಾಯ್ದೆಯಂತೆ ಕೆಲಸ ಮಾಡಿಸುವ ಅಧಿಕಾರ ರಾಜ್ಯ ಸರ್ಕಾರ ನೇಮಿಸುವ ಆಯುಕ್ತರದು, ದೊಡ್ಡ ಖರ್ಚಿಗೆ ಒಪ್ಪಿಗೆ ಸ್ಥಾಯಿ ಸಮಿತಿಯದು. ಆ ಷರಾ ಬರೀ ಶಿಫಾರಸು, ಆದೇಶವಲ್ಲ. ಅದನ್ನು ಹಿಡಿದು ನಾನು ವಾರ್ಡ್ ಕಚೇರಿಗೆ ಹೋಗಬೇಕಿತ್ತು, ಮಳೆನೀರು ಚರಂಡಿಯ ಎಂಜಿನಿಯರನ್ನು ಕಂಡು ಮನವಿ ದಾಖಲಾದ ಆವಕ ಸಂಖ್ಯೆ ಬರೆಸಿಕೊಳ್ಳಬೇಕಿತ್ತು. ನಡೆದರೆ ಹದಿನೈದು ನಿಮಿಷದ ದಾರಿ. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು. “ಅಪ್ಪಾ, ಒಮ್ಮೆ ಹೋಗಿ ಬನ್ನಿ” ಎಂದ ಮಗಳಿಗೆ “ಮೇಯರೇ ಬರೆದ ಮೇಲೆ ಇನ್ನೇನು” ಎಂದು ಗದರಿದೆ.

ಜುಲೈಯಲ್ಲಿ ಒಂದು ರಾತ್ರಿ ಮೊಣಕಾಲುದ್ದ ನೀರು ನುಗ್ಗಿತು. ಗ್ರೈಂಡರಿನ ಮೋಟಾರು ಸುಟ್ಟಿತು. ಹನ್ನೊಂದು ಮೂಟೆ ಕುಚ್ಚಲಕ್ಕಿ ನೆನೆದು, ಎರಡೇ ದಿನಕ್ಕೆ ಹುಳಿ ನಾತ ಬೀದಿಗೆಲ್ಲ ಹರಡಿತು. ಎಂಜಿನಿಯರ್ ಬಂದು ನೋಡಿ, “ಅಣ್ಣಾ, ಮಾರ್ಚ್‌ನಲ್ಲಿ ಬಂದಿದ್ದರೆ ಹೂಳೆತ್ತುವ ಪಟ್ಟಿಗೆ ಸೇರಿಸುತ್ತಿದ್ದೆ” ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಹಾಗಾದರೆ ಮೇಯರ್‌ಗೇ ಅಧಿಕಾರ ಕೊಟ್ಟುಬಿಡಬಹುದಲ್ಲ ಎನ್ನುತ್ತೀರಿ. ‘ಕೊಡುವುದು’ ಎಂಬ ಮಾತೇ ಸರಿಯಿಲ್ಲ. 1998ರಲ್ಲಿ ಮೇಯರ್-ಇನ್-ಕೌನ್ಸಿಲ್ ಎಂದು ಸಚಿವ ಸಂಪುಟದಂಥ ವ್ಯವಸ್ಥೆಯನ್ನು ಇಲ್ಲಿ ತಂದರು, ಮರುವರ್ಷವೇ ತೆಗೆದರು. ಕೊಟ್ಟದ್ದೂ ಕಿತ್ತುಕೊಂಡದ್ದೂ ರಾಜ್ಯ ಸರ್ಕಾರವೇ. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. 2026ರ ಜನವರಿಯಲ್ಲಿ ಚುನಾವಣೆ ನಡೆಯುವವರೆಗೆ ಮೇಯರ್ ಇರಲಿಲ್ಲ, 227 ನಗರಸೇವಕರಲ್ಲಿ ಒಬ್ಬರೂ ಇರಲಿಲ್ಲ, ಆಯುಕ್ತರೇ ಆಡಳಿತಾಧಿಕಾರಿ. ಕುರ್ಚಿಯೇ ಸುಮಾರು ನಾಲ್ಕು ವರ್ಷ ಖಾಲಿ ಬಿದ್ದಿದ್ದ ಊರಿನಲ್ಲಿ ಅದಕ್ಕೆ ಎಷ್ಟು ಅಧಿಕಾರ ಎಂದು ಅಳೆಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಪರವಾಗಿ ಮಾತನಾಡಲೇಬೇಕಾದರೆ ಮೂರನ್ನೂ ಒಟ್ಟಿಗೆ ಕೇಳಿ: ಅವಧಿಗೆ ಸರಿಯಾಗಿ ಚುನಾವಣೆ, ಐದು ವರ್ಷದ ಮೇಯರ್, ವಾರ್ಡಿನ ಜನರೆದುರು ನಿಂತು ಲೆಕ್ಕ ಕೊಡುವ ವಾರ್ಡ್ ಅಧಿಕಾರಿ. ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ಕೊನೆಯದನ್ನು.