ಓದುಗರ ಪ್ರಶ್ನೆ: ಕ್ಯಾಚರ್ ಹುಡುಗನನ್ನು ಅಳೆಯುವುದು ಹೇಗೆ?

ಪ್ರಶ್ನೆ: ಮಗನಿಗೆ 13 ವರ್ಷ, ಬೇಸ್‌ಬಾಲ್ ತಂಡದಲ್ಲಿ ಕ್ಯಾಚರ್, ಅಂದರೆ ಬ್ಯಾಟ್ ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವವನು. ಸ್ಟಾಪ್‌ವಾಚ್ ಹಿಡಿದು ನೋಡಿದರೆ ಅವನ ಪಾಪ್ ಟೈಮ್ 2.5 ಸೆಕೆಂಡ್ ಬರುತ್ತಿದೆ. ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನವರದು 2 ಸೆಕೆಂಡಿನ ಆಸುಪಾಸು ಎನ್ನುತ್ತಾರೆ. ಇವನ ತೋಳಿಗೆ ಬಲ ಸಾಲದೇ? ಈ ಜಾಗಕ್ಕೆ ಇವನು ಆಗಿಬರುವುದಿಲ್ಲವೇ?

ಉತ್ತರ: ಚೆಂಡು ಕ್ಯಾಚರ್‌ನ ಮಿಟ್‌ಗೆ (ದಪ್ಪ ಗ್ಲೌಸ್) ಬಡಿದ ಕ್ಷಣದಿಂದ ಸೆಕೆಂಡ್ ಬೇಸ್‌ನಲ್ಲಿ ನಿಂತವನ ಗ್ಲೌಸ್ ಸೇರುವವರೆಗಿನ ಸಮಯವೇ ಪಾಪ್ ಟೈಮ್. ಎಸೆತದ ನಡುವೆಯೇ ರನ್ನರ್ ಮುಂದಿನ ಬೇಸ್‌ಗೆ ಓಡುವ ‘ಬೇಸ್ ಕಳುವ’ನ್ನು ತಡೆಯುವ ಎಸೆತವಿದು. ಆ ಅಂಕಿಯ ಜೊತೆ ಮೈದಾನದ ಅಳತೆಯನ್ನೂ ಹೇಳಬೇಕು. ಬೇಸ್‌ಗಳ ನಡುವೆ 90 ಅಡಿ ಇರುವ ಪೂರ್ಣ ಮೈದಾನದಲ್ಲಿ ಹೋಮ್ ಪ್ಲೇಟ್‌ನಿಂದ (ಬ್ಯಾಟ್ ಮಾಡುವ ಜಾಗ) ಸೆಕೆಂಡ್ ಬೇಸ್‌ಗೆ 127 ಅಡಿ 3 ಅಂಗುಲಕ್ಕಿಂತ ಚೂರು ಹೆಚ್ಚು. 60 ಅಡಿಯ ಮಕ್ಕಳ ಮೈದಾನದಲ್ಲಿ ಸುಮಾರು 85 ಅಡಿ. ನಿಮ್ಮ 2.5 ಪೂರ್ಣ ಮೈದಾನದ್ದಾದರೆ ಈ ವಯಸ್ಸಿಗೆ ಚಿಂತೆ ಮಾಡುವಂಥದ್ದಲ್ಲ. ಚಿಕ್ಕ ಮೈದಾನದ್ದಾದರೆ ನಿಧಾನವೇ.

ಆದರೆ ಆ ಒಂದು ಅಂಕಿಯಿಂದ ತೋಳಿನ ಬಲ ತಿಳಿಯುವುದಿಲ್ಲ. ಚೆಂಡನ್ನು ಮಿಟ್‌ನಿಂದ ಕೈಗೆ ತಂದು ಬಿಡುವ ಸಮಯ, ಅದು ಗಾಳಿಯಲ್ಲಿ ಸಾಗುವ ಸಮಯ, ಎರಡೂ ಅದರಲ್ಲಿ ಸೇರಿಕೊಂಡಿವೆ. ಫೋನಿನ ಸ್ಲೋ ಮೋಷನ್ ಅನ್ನು ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು ಬದಿಯಿಂದ ವಿಡಿಯೊ ಮಾಡಿ. ಚೆಂಡು ಮಿಟ್ ಮುಟ್ಟಿದ ಫ್ರೇಮ್‌ನಿಂದ ಬೆರಳು ಬಿಟ್ಟ ಫ್ರೇಮ್‌ವರೆಗೆ ಎಣಿಸಿ. 192 ಫ್ರೇಮ್ ಆದರೆ 0.8 ಸೆಕೆಂಡ್. ಪಳಗಿದ ಕ್ಯಾಚರ್‌ಗಳು ಇದನ್ನು 0.7ರ ಸುತ್ತಮುತ್ತ ಮುಗಿಸುತ್ತಾರೆ. ನಿಮ್ಮ ಹುಡುಗನದು 240 ಫ್ರೇಮ್ ದಾಟಿದರೆ ತೋಳನ್ನು ಬೈಯಬೇಡಿ, ತಡವಾಗುತ್ತಿರುವುದು ಕೈ ಕಾಲಿನಲ್ಲಿ.

ಒಂದು ಲೆಕ್ಕ ನೋಡಿ. ಗಾಳಿಯ ತಡೆ ಬಿಟ್ಟರೆ, ಗಂಟೆಗೆ 60 ಮೈಲಿ ವೇಗದ ಎಸೆತ ಆ 127 ಅಡಿ ದಾಟಲು 1.45 ಸೆಕೆಂಡ್ ಬೇಕು, 65 ಮೈಲಿ ವೇಗದ್ದಕ್ಕೆ 1.34. ತೋಳಿಗೆ 5 ಮೈಲಿ ಹೆಚ್ಚು ವೇಗ ಬಂದರೂ ಉಳಿಯುವುದು 0.11 ಸೆಕೆಂಡ್ ಮಾತ್ರ, ಅದಕ್ಕೂ ಮೈ ಬೆಳೆಯುವವರೆಗೆ ಕಾಯಬೇಕು. ಚೆಂಡನ್ನು ಮಿಟ್‌ನಿಂದ ಕೈಗೆ ತಂದು ಬಿಡುವುದರಲ್ಲಿ 0.2 ಉಳಿಸುವುದು ಬರೀ ಅಭ್ಯಾಸದ ಮಾತು.

ಸಮಯ ಸೋರುವ ಜಾಗಗಳು ಹೆಚ್ಚೂಕಮ್ಮಿ ಎಲ್ಲ ಮಕ್ಕಳಲ್ಲೂ ಒಂದೇ. ಬಲಗೈ ಚೆಂಡನ್ನು ತರಲು ಮುಂದಕ್ಕೆ ಹೋಗುತ್ತದೆ. ಹಾಗಲ್ಲ, ಮಿಟ್ಟೇ ಬಲಭುಜದ ಮುಂದಕ್ಕೆ ಬರಬೇಕು, ಕೈ ಅಲ್ಲಿ ಕಾದಿರಬೇಕು. ಎರಡನೆಯದು, ಎಸೆಯುವ ಮೊದಲು ಪೂರ್ತಿ ಎದ್ದು ನಿಲ್ಲುವುದು. ತಲೆ ಮೇಲಕ್ಕೆ ಹೋದಷ್ಟೂ ಸಮಯ ಹೋಯಿತು. ಬಗ್ಗಿದ ಮೊಣಕಾಲಿನಲ್ಲೇ ಬಲಪಾದ ಮೈಯ ಕೆಳಗೆ ಸಣ್ಣದಾಗಿ ಒಂದು ಹೆಜ್ಜೆ ಸರಿದು ಅಡ್ಡ ತಿರುಗಬೇಕು, ಎಡಪಾದ ನೇರ ಸೆಕೆಂಡ್ ಬೇಸ್ ಕಡೆಗೆ ಊರಬೇಕು. ಇನ್ನು ಹಿಡಿತ: ಎರಡು ಬೆರಳು ಹೊಲಿಗೆಗೆ ಅಡ್ಡವಾಗಿ ಕೂರದಿದ್ದರೆ ಎಸೆತ ಬದಿಗೆ ಓಲುತ್ತದೆ. ನೋಡದೆ ಹೊಲಿಗೆ ಹುಡುಕುವುದನ್ನು ಮನೆಯಲ್ಲಿ ಕೂತೇ ದಿನಕ್ಕೆ 50 ಸಲ ಮಾಡಬಹುದು.

ಹತ್ತು ಎಸೆತ ಅಳೆಯಿರಿ. ಅತ್ಯುತ್ತಮವಾದದ್ದನ್ನು ಅಲ್ಲ, ನಡುವಿನದನ್ನು ಬರೆದುಕೊಳ್ಳಿ. ಚೆಂಡು ಎಲ್ಲಿ ಹೋಯಿತೆಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಬೇಸ್‌ನ ಮೇಲೆ, ರನ್ನರ್ ಜಾರಿ ಬರುವ ಬದಿಗೆ, ಮೊಣಕಾಲೆತ್ತರಕ್ಕೆ ಬಂದ 2.5ರ ಎಸೆತ ಔಟ್ ಕೊಡುತ್ತದೆ. ತಲೆಯ ಮೇಲೆ ಹೋದ 2.3 ಏನನ್ನೂ ಕೊಡುವುದಿಲ್ಲ. ಒಂದು ಪುಟಿತದಲ್ಲಿ ನೇರ ಹೋದರೂ ಈ ವಯಸ್ಸಿಗೆ ಚೆನ್ನ. ಬ್ಯಾಟ್ ಬೀಸುವವನಿಗೆ ಚೆಂಡು ಎಸೆಯುವ ಪಿಚರ್‌ನನ್ನೂ ಮರೆಯಬೇಡಿ: ದೊಡ್ಡವರ ಆಟದಲ್ಲಿ ಪಿಚರ್ ಚೆಂಡನ್ನು ಪ್ಲೇಟ್‌ಗೆ ತಲುಪಿಸಲು ಸುಮಾರು 1.3 ಸೆಕೆಂಡ್ ತೆಗೆದುಕೊಳ್ಳುತ್ತಾನೆ. ನಿಮ್ಮ ತಂಡದವನು 1.8 ತೆಗೆದುಕೊಂಡರೆ ಬೇಸ್ ಕಳುವಿನ ತಪ್ಪನ್ನು ಕ್ಯಾಚರ್ ತಲೆಗೆ ಕಟ್ಟುವುದು ಅನ್ಯಾಯ.

ಪ್ರಶ್ನೆ: ಎಸೆತ ಬಿಟ್ಟರೆ ಮತ್ತೇನು ನೋಡಬೇಕು? ತಂಡಕ್ಕೆ 11–12 ವರ್ಷದ ಮೂವರಲ್ಲಿ ಒಬ್ಬನನ್ನು ಆರಿಸಬೇಕಿದೆ.

ಉತ್ತರ: ಕೈ ನೋಡಿ. ಎತ್ತರ, ತೂಕ, ತೋಳಿನ ಬಲ ವಯಸ್ಸಿನ ಜೊತೆ ಬರುತ್ತವೆ. ಈಗ ಎಲ್ಲರಿಗಿಂತ ದಪ್ಪಗಿರುವ ಹುಡುಗ ಬೇಗ ಬೆಳೆದವನಿರಬಹುದು, ಅಷ್ಟೇ. ಮೂವರಿಗೂ ಒಬ್ಬನೇ ಪಿಚರ್‌ನಿಂದ 20 ಎಸೆತ ಹಿಡಿಸಿ, ನೀವು ಪಿಚರ್‌ನ ಬೆನ್ನ ಹಿಂದೆ ನಿಲ್ಲಿ. ಚೆಂಡು ಬಡಿದ ಮೇಲೆ ಮಿಟ್ ಎತ್ತ ಹೋಗುತ್ತದೆ ಎಂಬುದೊಂದನ್ನೇ ಗಮನಿಸಿ. ಮೊಣಕಾಲೆತ್ತರದ ಚೆಂಡಿಗೆ ಮಿಟ್ ಮೇಲಿನಿಂದ ಬಡಿದು ಇನ್ನೂ ಕೆಳಕ್ಕೆ ಕುಸಿದರೆ ಅಂಪೈರ್ ಕಣ್ಣಿಗೆ ಸ್ಟ್ರೈಕ್ (ಸರಿಯಾದ ವಲಯದೊಳಗಿನ ಎಸೆತ) ಕೂಡ ಬಾಲ್ (ವಲಯದಾಚೆಯ ಎಸೆತ) ಆಗಿ ಕಾಣುತ್ತದೆ. ಒಳ್ಳೆಯ ಕೈ ಚೆಂಡಿಗಿಂತ ಮೊದಲೇ ಕೆಳಗಿದ್ದು, ಅಡಿಯಿಂದ ಮೇಲಕ್ಕೆ ಬಂದು ಚೆಂಡನ್ನು ಅಲ್ಲೇ ನಿಲ್ಲಿಸುತ್ತದೆ. ವಿಕೆಟ್ ಕೀಪಿಂಗ್ ಮಾಡಿ ಬಂದ ಮಕ್ಕಳು ಚೆಂಡಿನ ಜೊತೆ ಕೈಯನ್ನು ಹಿಂದಕ್ಕೆ ಬಿಟ್ಟುಕೊಡುತ್ತಾರೆ. ಅಲ್ಲಿ ಅದು ಗುಣ, ಇಲ್ಲಿ ತಿದ್ದಬೇಕಾದ ಅಭ್ಯಾಸ. ಆದರೂ ಅವರ ಕೈ ಮೆತ್ತಗಿರುತ್ತದೆ, ಅಂಥವರನ್ನು ಬಿಡಬೇಡಿ.

ಆಮೇಲೆ ಒಂದು ಪಂದ್ಯ ಪೂರ್ತಿ ನೋಡಿ. ಬೇಸ್‌ಗಳು ಖಾಲಿ ಇದ್ದು ಚೆಂಡು ನೆಲದ ಮೇಲೆ ಉರುಳಿ ಹೋದಾಗ, ಫಸ್ಟ್ ಬೇಸ್‌ಗೆ ಬರುವ ಎಸೆತ ತಪ್ಪಿದರೆ ತಡೆಯಲೆಂದು ಕ್ಯಾಚರ್ ಆ ಬದಿಗೆ ಓಡಬೇಕು. ಹತ್ತರಲ್ಲಿ ಒಂಬತ್ತು ಸಲ ಆ ಓಟ ವ್ಯರ್ಥ. ತಂಡ 8 ರನ್ ಹಿಂದಿರುವಾಗ, ಕೊನೆಯ ಇನಿಂಗ್ಸ್‌ನಲ್ಲಿ, ಅಷ್ಟೂ ರಕ್ಷಾಕವಚ ಹೊತ್ತುಕೊಂಡು ಯಾವ ಹುಡುಗ ಆ ಓಟ ಓಡುತ್ತಾನೋ ಅವನ ಹೆಸರು ಬರೆದುಕೊಳ್ಳಿ. ಚೆಂಡು ಕೈತಪ್ಪಿ ರನ್ ಹೋದ ಮೇಲಿನ ಮುಂದಿನ ಎಸೆತಕ್ಕೆ ಯಾರು ಮೊದಲಿನಂತೆ ಕೂರುತ್ತಾನೆ, ಔಟ್ ಎಷ್ಟಾಯಿತೆಂದು ಯಾರು ಕೂಗಿ ಹೇಳುತ್ತಾನೆ, ಇವೂ ಅಷ್ಟೇ ಮುಖ್ಯ.

ಉಳಿದಿಬ್ಬರಿಗೆ ಬಾಗಿಲು ಮುಚ್ಚಬೇಡಿ. ಮೇಜರ್ ಲೀಗ್‌ನ ಹೆಸರಾಂತ ಕ್ಯಾಚರ್ ಆಗಿದ್ದ ಬಸ್ಟರ್ ಪೋಸಿ ಕಾಲೇಜಿಗೆ ಬಂದದ್ದು ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್‌ಗಳ ನಡುವಿನ ಫೀಲ್ಡರ್) ಆಗಿ, ಕ್ಯಾಚರ್ ಆದದ್ದು ಅಲ್ಲಿ. ಮೈಕ್ ಪಿಯಾಝಾ 1988ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸುವುದು) 62ನೇ ಸುತ್ತಿನಲ್ಲಿ ಆಯ್ಕೆಯಾದವರು, ಮೊದಲು ಫಸ್ಟ್ ಬೇಸ್‌ನವರು. ಕ್ಯಾಚರ್ ಆಗಿ ಬೇಸ್‌ಬಾಲ್ ಶ್ರೇಷ್ಠರ ಹಾಲ್ ಆಫ್ ಫೇಮ್ ಸೇರಿದರು.

ಪ್ರಶ್ನೆ: ನೆಲಕ್ಕೆ ಬಡಿದು ಬರುವ ಚೆಂಡಿಗೆ ನಮ್ಮ ಹುಡುಗ ಮುಖ ತಿರುಗಿಸುತ್ತಾನೆ. ಧೈರ್ಯ ಇಲ್ಲವೆಂದು ಕೈಬಿಡಬೇಕೇ?

ಉತ್ತರ: ಬೇಡ. ಕಣ್ಣು ಮಿಟುಕುವುದು ಎಲ್ಲರಿಗೂ ಇದ್ದದ್ದೇ. ತಲೆ ತಿರುಗುವುದು ಮಾತ್ರ ಅಪಾಯ, ಏಕೆಂದರೆ ಮುಖವಾಡ ಕಾಪಾಡುವುದು ಎದುರಿನಿಂದ ಬಂದದ್ದನ್ನು. ಕತ್ತು ತಿರುಗಿದರೆ ಕಿವಿಯ ಕೆಳಗಿನ ಭಾಗ, ಗಂಟಲಿನ ಬದಿ ತೆರೆದುಕೊಳ್ಳುತ್ತವೆ.

ಪೂರ್ತಿ ಕವಚ ಹಾಕಿಸಿ, 15 ಅಡಿ ದೂರದಿಂದ ಟೆನಿಸ್ ಚೆಂಡಿನಲ್ಲಿ ಶುರುಮಾಡಿ. ಮೊದಲ ಹತ್ತು ಚೆಂಡಿಗೆ ಎರಡೂ ಕೈ ಬೆನ್ನ ಹಿಂದೆ ಇರಲಿ, ಎದೆಗೆ ಬಡಿದು ಕೆಳಗೆ ಬೀಳಲಿ. ಬಡಿದರೂ ನೋಯುವುದಿಲ್ಲ ಎಂಬುದು ಮೈಗೆ ಗೊತ್ತಾಗಬೇಕು. ಆಮೇಲೆ ಮಿಟ್ ಸೇರಿಸಿ. ಮಿಟ್ ಮೊದಲು ನೆಲ ಮುಟ್ಟಿ ತೊಡೆಗಳ ನಡುವಿನ ಸಂದು ಮುಚ್ಚಬೇಕು, ಅದರ ಹಿಂದೆಯೇ ಎರಡೂ ಮೊಣಕಾಲು ಊರಬೇಕು, ಭುಜ ಮುಂದಕ್ಕೆ ದುಂಡಗಾಗಬೇಕು, ಗಲ್ಲ ಎದೆಗೆ ಅಂಟಬೇಕು. ಬರಿಗೈ ಮಿಟ್‌ನ ಹಿಂದೆ, ಹೆಬ್ಬೆರಳು ಮುಷ್ಟಿಯೊಳಗೆ. ಚೆಂಡನ್ನು ಹಿಡಿಯಲು ಹೋಗುವುದೇ ಇಲ್ಲಿನ ದೊಡ್ಡ ತಪ್ಪು: ಹಿಡಿಯಹೊರಟ ಕೈ ಮೇಲಕ್ಕೆದ್ದು ಅಡಿಯಲ್ಲಿ ಕಿಂಡಿ ಬಿಡುತ್ತದೆ. ಉಸಿರು ಬಿಟ್ಟು ಎದೆ ಸಡಿಲ ಮಾಡಿದರೆ ಚೆಂಡು ಎರಡು ಮೂರು ಅಡಿ ಮುಂದೆ ಸತ್ತು ಬೀಳುತ್ತದೆ. ಬಿಗಿದರೆ ದೂರ ಸಿಡಿಯುತ್ತದೆ. ಒಂದು ಸಲಕ್ಕೆ 20–25 ಚೆಂಡು ಸಾಕು.

ಎದೆಕವಚ ಸಡಿಲವಿದೆಯೇ ನೋಡಿ. ಹೃದಯದ ಮೇಲೆ ಬೀಳುವ ಒಂದು ಪೆಟ್ಟು ಅದರ ಬಡಿತವನ್ನೇ ಕೆಡಿಸಬಲ್ಲದು. ಅದನ್ನು ತಡೆಯುವಂತೆ ಪರೀಕ್ಷೆಯಾದ ಕವಚವನ್ನು ಅಮೆರಿಕದ ಹೈಸ್ಕೂಲ್ ಆಟದಲ್ಲಿ ಕ್ಯಾಚರ್‌ಗಳಿಗೆ 2020ರಿಂದ ಕಡ್ಡಾಯ ಮಾಡಿದ್ದಾರೆ.

ಪ್ರಶ್ನೆ: ನನ್ನ ತಂಗಿ ಎಡಗೈಯಲ್ಲಿ ಎಸೆಯುತ್ತಾಳೆ, ಕ್ಯಾಚರ್ ಆಗಬೇಕೆಂಬ ಹಟ. ಬಿಡಬಹುದೇ?

ಉತ್ತರ: ಬಿಡಿ. ಮೇಲಿನ ಹಂತದಲ್ಲಿ ದಾರಿ ಕಿರಿದು ಎಂಬುದು ನಿಜ. ಮೇಜರ್ ಲೀಗ್‌ನಲ್ಲಿ ಎಡಗೈ ಕ್ಯಾಚರ್ ಕೊನೆಯ ಸಲ ಕೂತದ್ದು 1989ರಲ್ಲಿ, ಬೆನ್ನಿ ಡಿಸ್ಟೆಫಾನೊ. ಥರ್ಡ್ ಬೇಸ್‌ನಿಂದ ಬರುವ ರನ್ನರ್ ಕ್ಯಾಚರ್‌ನ ಎಡಕ್ಕೆ ಬರುತ್ತಾನೆ, ಎಡಗೈಯವರ ಮಿಟ್ ಬಲಗೈಯಲ್ಲಿರುತ್ತದೆ, ಔಟ್ ಮಾಡಲು ಅದನ್ನು ಅಡ್ಡ ತಂದು ಮುಟ್ಟಿಸಬೇಕು. ಥರ್ಡ್ ಬೇಸ್‌ಗೆ ಎಸೆಯಲೂ ಹೆಚ್ಚು ತಿರುಗಬೇಕು. ಹೀಗಿದ್ದರೂ ಕೈ, ತಡೆ, ಆಟ ಓದುವುದು ಯಾವ ಜಾಗಕ್ಕಾದರೂ ಬರುವ ವಿದ್ಯೆ. ಎಡಗೈಯವರ ಮಿಟ್ ಬೇರೆಯೇ ಇದೆ, ಅದನ್ನೇ ಕೊಡಿಸಿ.

ಪ್ರಶ್ನೆ: ಒಂದೇ ದಿನ ಪಿಚಿಂಗ್, ಕ್ಯಾಚಿಂಗ್ ಎರಡನ್ನೂ ಮಾಡಿಸಬಹುದೇ?

ಉತ್ತರ: ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್ ನಿಯಮದಲ್ಲಿ 41 ಅಥವಾ ಹೆಚ್ಚು ಎಸೆತ ಪಿಚ್ ಮಾಡಿದವರು ಆ ದಿನ ಮತ್ತೆ ಕ್ಯಾಚರ್ ಆಗುವಂತಿಲ್ಲ, ನಾಲ್ಕು ಇನಿಂಗ್ಸ್ ಕ್ಯಾಚ್ ಮಾಡಿದವರು ಪಿಚ್ ಮಾಡುವಂತಿಲ್ಲ. ನಿಮ್ಮ ಟೂರ್ನಿಯಲ್ಲಿ ಈ ನಿಯಮ ಇಲ್ಲದಿದ್ದರೂ ನೀವೇ ಪಾಲಿಸಿ. ಕ್ಯಾಚರ್ ಪ್ರತಿ ಚೆಂಡನ್ನೂ ಪಿಚರ್‌ಗೆ ವಾಪಸ್ ಎಸೆಯುತ್ತಾನೆ, ಅದನ್ನು ಯಾರೂ ಎಣಿಸುವುದಿಲ್ಲ. ಮೊಣಕೈಯ ಒಳಬದಿ ಅಥವಾ ಭುಜದ ಮೇಲ್ಭಾಗ ನೋಯುತ್ತದೆ ಎಂದರೆ ಅಂದೇ ಎಸೆತ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ ಮೂಳೆಯ ಬೆಳೆಯುವ ತುದಿ ಇನ್ನೂ ಎಳೆಯದು.